ನಡುವಿನ ಚೆಂಡು

೯ ಫೆಬ್ರುವರಿ ೨೦೨೦, ಭಾನುವಾರ. ಮಕ್ತಲ್

ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬಂದಿದೆ. ‘ರಾಕೆಟ್ ಕೆಳಗಿಟ್ಟು ಮಕ್ಕಳ ಕೈ ಹಿಡಿದ ಶಿವಗಂಗಾ.’ ಶೀರ್ಷಿಕೆ ಸ್ವಲ್ಪ ಅತಿಯಾಯಿತು, ಆದರೂ ಓದಲು ಹಿತವಾಗಿದೆ. ಫೋಟೋ ಕೂಡ ಚೆನ್ನಾಗಿ ಬಂದಿದೆ. ಹಿಂದೆ ಹಾಸ್ಟೆಲಿನ ಹೊಸ ಕಟ್ಟಡ, ಮುಂದೆ ಟೆನಿಸ್ ಕೋರ್ಟು, ನಡುವೆ ನಾನು. ಅಣ್ಣ ಸಿದ್ದರಾಮೇಶ ಅಡತಿ ಅಂಗಡಿಗೆ ಬಂದವರಿಗೆಲ್ಲ ತೋರಿಸಿದನಂತೆ. ಹದಿನೈದು ವರ್ಷ ತಾಷ್ಕೆಂಟು, ಬ್ಯಾಂಕಾಕು ಎಂದು ತಿರುಗಿ ಟೆನಿಸ್ ಡಬಲ್ಸ್ ಆಡುತ್ತಿದ್ದಾಗ ಈ ಊರಿನವರು ನನ್ನನ್ನು ‘ಶೆಟಲ್ ಆಡೋ ಹುಡುಗಿ’ ಎನ್ನುತ್ತಿದ್ದರು. ಈಗಲಾದರೂ ಸರಿಹೋಯಿತು.

ಭುಜ ಕೈಕೊಟ್ಟು ಆಟ ಬಿಟ್ಟ ಮೇಲೆ ಹೈದರಾಬಾದಿನಲ್ಲಿ ಕೋಚಿಂಗ್ ಅಂಗಡಿ ತೆರೆದು ಸುಖವಾಗಿರಬಹುದಿತ್ತು. ನಾನು ಇಲ್ಲಿಗೆ ಬಂದೆ. ನಾರಾಯಣಪೇಟೆ ಜಿಲ್ಲೆಯಾದ ವರ್ಷವೇ ಹಾಸ್ಟೆಲ್ ತೆರೆದೆ. ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋಗುವವರ ಹೆಣ್ಣುಮಕ್ಕಳು ಅವರ ಜೊತೆ ಹೋಗಿ ಸಿಮೆಂಟು ಹೊರುವ ಬದಲು ಇಲ್ಲೇ ಉಳಿದು ಓದಲಿ, ಸಂಜೆ ಆಡಲಿ ಎಂದು. ಪೇಪರಿನವನು ಬರೆದದ್ದರಲ್ಲಿ ಸುಳ್ಳೇನಿದೆ?

ಮಧ್ಯಾಹ್ನ ಶೈಲಜಾ ಗದ್ವಾಲಿನಿಂದ ಬಂದಳು. ಕೈಯಲ್ಲಿ ಅದೇ ಪೇಪರು.

“ಎರಡು ಸಲ ಓದಿದ್ನಿ,” ಎಂದಳು. “ನನ ಹೆಸರು ಎಲ್ಲೂ ಇಲ್ಲ.”

“ಫೋಟೋ ತಗಿಯೋ ದಿನ ನೀ ಇರಲಿಲ್ಲಲ್ಲ.”

“ಹೌದು. ಹಾಸ್ಟೆಲ್ಲಿಗೆ ಜ್ವಾಳ, ಬ್ಯಾಳಿ ತರಾಕ ಹೋಗಿದ್ನಿ.”

ಆ ಹದಿನೈದು ವರ್ಷವೂ ಅವಳೇ ನನ್ನ ಆಟದ ಜೊತೆಗಾತಿ, ಈಗ ಹಾಸ್ಟೆಲಿನಲ್ಲೂ. ಅವಳು ಕೋರ್ಟಿನ ಹಿಂದೆ, ನಾನು ಮುಂದೆ ನೆಟ್ಟಿನ ಹತ್ತಿರ. ಫೋಟೋದಲ್ಲಿ ಯಾವಾಗಲೂ ನೆಟ್ಟಿನ ಹತ್ತಿರ ಇರುವವರೇ ಬರುವುದು, ಅದಕ್ಕೆ ನಾನೇನು ಮಾಡಲಿ? ಅದನ್ನೇ ಹೇಳಿದೆ. ಅವಳು ಚಹಾ ಕುಡಿಯದೆ ಎದ್ದು ಹೋದಳು.

೧ ಮಾರ್ಚ್, ಭಾನುವಾರ. ಮಕ್ತಲ್

ಶೈಲಜಾಗೂ ನನಗೂ ಮಾತಿಲ್ಲ, ಕೆಲಸವೇನೂ ನಿಂತಿಲ್ಲ. ಕೃಷ್ಣಾ ಹೊಳೆಯಾಚೆ, ಗದ್ವಾಲ್ ಕಡೆಯ ಮಕ್ಕಳು ಅವಳ ಹೊಣೆ. ಹೊಳೆಯೀಚೆ, ಮಕ್ತಲ್–ನಾರಾಯಣಪೇಟೆ ಕಡೆಯವರು ನನ್ನ ಹೊಣೆ. ಮೊದಲಿನಿಂದ ಹೀಗೇ ಇತ್ತು. ಈಗ ಅಡುಗೆಯ ಚನ್ನವೀರಮ್ಮನ ಬಾಯಿಂದ ಎಲ್ಲ ಹೇಳಿ ಕಳಿಸುತ್ತೇವೆ. “ನಾ ರೊಟ್ಟಿ ಬಡೀಲೋ, ನಿಮ್ಮಿಬ್ಬರ ನಡುವ ಟಪಾಲು ಒಯ್ಯಲೋ, ಒಂದು ಹೇಳ್ರಿ,” ಎಂದು ಬೈದಳು.

ಸಂಜೆ ಈಶ್ವರಿಯ ಜೋಡಿಗೆ ಪಾಠ. ಹದಿನಾಲ್ಕರ ಹುಡುಗಿ, ಎಡಗೈಯವಳು. ಆ ಕೈಯಲ್ಲಿ ಏನೋ ಇದೆ, ನನಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೆ ಬಾಯಿ ಬಿಡುವುದಿಲ್ಲ. ಇವತ್ತು ಚೆಂಡು ಸೀದಾ ಇಬ್ಬರ ನಡುವೆ ಬಂತು, ಇಬ್ಬರೂ ನೋಡುತ್ತ ನಿಂತರು, ಚೆಂಡು ಹೋಯಿತು. ನನಗೆ ಸಿಟ್ಟು ಬಂತು. ಡಬಲ್ಸಿನಲ್ಲಿ ಕಷ್ಟದ ಚೆಂಡು ಮೂಲೆಯದ್ದಲ್ಲ, ನಡುವಿನದು. ಇಬ್ಬರಿಗೂ ಎಟುಕುತ್ತದೆ, ಇಬ್ಬರೂ ಇನ್ನೊಬ್ಬಳು ಹೊಡೆಯುತ್ತಾಳೆ ಎಂದುಕೊಳ್ಳುತ್ತಾರೆ. ಅದಕ್ಕೇ ಒಬ್ಬಳು ‘ನಂದು’ ಎಂದು ಕೂಗಬೇಕು.

“ಯಾಕ ಕೂಗಲಿಲ್ಲ?” ಎಂದೆ.

“ಅಕಿನೂ ಇದ್ಳಲ್ರಿ ಮೇಡಂ,” ಎಂದಳು.

ಅವಳ ಊರು ಮದ್ದೂರಿನ ಹತ್ತಿರ. ಅವ್ವ ಕುರುಮಮ್ಮ, ಅಪ್ಪ ಚಿನ್ನಯ್ಯ ಪುಣೆಯಲ್ಲಿ ಕೆಲಸದಲ್ಲಿದ್ದಾರೆ. ಅವರು ಇಲ್ಲದಾಗ ಗದ್ವಾಲಿನ ಸೋದರಮಾವ ಲಿಂಗಣ್ಣ ಹಿರಿಯ. ಹಾಗಾಗಿ ರಜೆ ಬಂದರೆ ಒಮ್ಮೆ ಶೈಲಜಾಳ ಕಾರಿನಲ್ಲಿ ಗದ್ವಾಲಿಗೆ ಹೋಗುತ್ತಾಳೆ, ಒಮ್ಮೆ ನನ್ನ ಜೀಪಿನಲ್ಲಿ ಮದ್ದೂರಿಗೆ.

೨೧ ಮಾರ್ಚ್, ಶನಿವಾರ. ಮಕ್ತಲ್

ಹಾಸ್ಟೆಲ್ ಖಾಲಿ ಮಾಡಿಸಿದೆವು. ನಾಳೆ ಕೊರೊನಾ ಕರ್ಫ್ಯೂ. ಆಮೇಲೆ ಏನೋ ಯಾರಿಗೂ ಗೊತ್ತಿಲ್ಲ. ಚನ್ನವೀರಮ್ಮ ಬೆಳಿಗ್ಗೆಯೇ ಮಗಳ ಮನೆಗೆ ಹೋದಳು. ಟ್ರಂಕು, ಹಾಸಿಗೆ, ಅಳುವ ಸಣ್ಣ ಮಕ್ಕಳು, ಗೇಟಿನ ಹತ್ತಿರ ಸಂತೆಯೇ ಸಂತೆ. ಹೈದರಾಬಾದಿನ ಟೀವಿಯವರು ‘ಈ ಹೊತ್ತಿನಲ್ಲಿ ನಿಮ್ಮ ಸಂಸ್ಥೆ ಏನು ಮಾಡುತ್ತಿದೆ’ ಎಂದು ಫೋನಿನಲ್ಲಿ ಕೇಳುತ್ತಿದ್ದರು. ಈಶ್ವರಿ ಬಂದು “ಮೇಡಂ, ನಾನು...” ಎಂದಳು. ಮಾತಿನ ನಡುವೆ ಶೈಲಜಾಳ ಕಾರಿನ ಕಡೆ ಕೈ ತೋರಿಸಿದೆ.

ಶೈಲಜಾ ತನ್ನ ಕಡೆಯ ಮಕ್ಕಳನ್ನು ಕರೆದುಕೊಂಡು ಹೋದಳು, ನಾನು ನನ್ನವರನ್ನು. ಗೇಟಿಗೆ ನಾನೇ ಬೀಗ ಹಾಕಿದೆ. ಅವಳು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

೨೫ ಮಾರ್ಚ್, ಬುಧವಾರ, ಯುಗಾದಿ. ಮಕ್ತಲ್

ಬೇವು ತಿಂದದ್ದಷ್ಟೇ ಹಬ್ಬ. ಬೀದಿಯಲ್ಲಿ ನಾಯಿಯೂ ಇಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆ ಹೋಳಿಗೆ ಮಾಡಿದ್ದಳು, ಯಾರೂ ಅರ್ಧಕ್ಕಿಂತ ಹೆಚ್ಚು ತಿನ್ನಲಿಲ್ಲ.

ಪುಣೆಯಿಂದ ಕುರುಮಮ್ಮನ ಫೋನು. ಕೆಲಸ ನಿಂತಿದೆಯಂತೆ, ಸೈಟಿನ ಶೆಡ್ಡಿನಲ್ಲೇ ಇದ್ದಾರಂತೆ, ಅಕ್ಕಿ ಇದೆಯಂತೆ. “ನನ ಬಿಡ್ಡ ಈಶ್ವರಿ ಹ್ಯಾಂಗದಾಳ್ರಿ? ಹಬ್ಬ ಐತಿ, ಒಂದು ಮಾತು ಮಾತಾಡಸ್ರಿ,” ಎಂದಳು.

“ಶೈಲಜಾ ಮೇಡಂ ಮನ್ಯಾಗ ಅದಾಳವ್ವ. ಹೋಳಿಗಿ ತಿಂದು ಆರಾಮ ಅದಾಳ,” ಎಂದೆ.

ಹೋಳಿಗೆಯ ಮಾತು ಯಾಕೆ ಸೇರಿಸಿದೆನೋ. ಶೈಲಜಾಗೆ ನಾನಾಗಿ ಫೋನ್ ಮಾಡಲು ಮನಸ್ಸಿಲ್ಲ. ‘ಈಶ್ವರಿಯ ಅವ್ವ ಕೇಳುತ್ತಿದ್ದಾಳೆ, ಮಾತಾಡಿಸು’ ಎಂದು ಮೆಸೇಜು ಮಾಡಿದ್ದೇನೆ. ಅಷ್ಟು ಸಾಕು.

೨೬ ಮಾರ್ಚ್, ಗುರುವಾರ

ಬೆಳಿಗ್ಗೆ ಉತ್ತರ ಬಂದಿದೆ. ‘ಈಶ್ವರಿ ನಿನ್ನ ಕಡೆ ಇದ್ದಾಳಲ್ಲ?’

ಫೋನ್ ಮಾಡಿದೆ. ಎಷ್ಟೋ ದಿನದ ಮೇಲೆ ಅವಳ ದನಿ. ಹಲೋ ಎನ್ನಲೂ ಇಲ್ಲ. “ನಿನ್ನ ಜೀಪಿನ ಕಡಿ ಕೈ ಮಾಡಿ ಕಳಿಸಿದ್ನಿ,” ಎಂದಳು. “ನಾನು ನಿನ್ನ ಕಾರಿನ ಕಡಿ ಕಳಿಸಿದ್ನಿ,” ಎಂದೆ.

ಅವಳು ಲಿಂಗಣ್ಣನಿಗೆ ಕೇಳುತ್ತೇನೆ ಎಂದಳು, ನಾನು ಮದ್ದೂರಿನ ಕಡೆ ವಿಚಾರಿಸುತ್ತೇನೆ ಎಂದೆ.

೨೭ ಮಾರ್ಚ್, ಶುಕ್ರವಾರ. ಮಕ್ತಲ್

ಈಶ್ವರಿ ಲಿಂಗಣ್ಣನ ಮನೆಗೆ ಹೋಗಿಲ್ಲ. ಅವಳ ಊರಿನಲ್ಲಿ ಪಕ್ಕದ ಮನೆಯ ಮೈಸಮ್ಮ ಫೋನಿನಲ್ಲಿ “ಮನಿಗೆ ಕೀಲಿ ಐತ್ರಿ, ಯಾರೂ ಬಂದಿಲ್ಲ” ಎಂದಳು. ಠಾಣೆಯಲ್ಲಿ ಬರೆದುಕೊಂಡರು. ಬರೆದುಕೊಂಡವನು ನನ್ನ ಅರ್ಧ ಪುಟ ಓದಿದ್ದನಂತೆ, ಎದ್ದು ನಿಂತು ಕುರ್ಚಿ ಕೊಟ್ಟ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ಕುರುಮಮ್ಮ ಮತ್ತೆ ಮಾಡಿದಳು. ಇನ್ನು ಮುಚ್ಚಿಡಲಾಗಲಿಲ್ಲ. ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಎಂದು ಕಿವಿ ಗಟ್ಟಿಮಾಡಿಕೊಂಡಿದ್ದೆ. “ಹೋಳಿಗಿ ತಿಂದಾಳ ಅಂದಿದ್ರಲ್ರಿ,” ಎಂದಳು.

ಚಿನ್ನಯ್ಯ ಫೋನ್ ತೆಗೆದುಕೊಂಡು ಹೇಳಿದ, “ನಾವು ಬರ್ತೀವ್ರಿ.”

“ಬಸ್ಸಿಲ್ಲ, ರೈಲಿಲ್ಲ, ಹ್ಯಾಂಗ ಬರ್ತೀರಪ್ಪ? ಅಲ್ಲೇ ಇರ್ರಿ, ನಾನು ಹುಡುಕ್ತೀನಿ.”

“ನೀವು ಹುಡುಕ್ರಿ. ನಾವು ಬರ್ತೀವಿ,” ಎಂದು ಇಟ್ಟುಬಿಟ್ಟ.

೨೮ ಮಾರ್ಚ್, ಶನಿವಾರ. ಮಕ್ತಲ್

ಶೈಲಜಾ ಬಂದಿದ್ದಾಳೆ. ರೇಷನ್ ಹಂಚುವ ಪಾಸು ಹೇಗೋ ಗಿಟ್ಟಿಸಿದ್ದಾಳೆ. ಅಂಥದ್ದರಲ್ಲಿ ಅವಳು ಗಟ್ಟಿ. ಅಣ್ಣನ ಮನೆಯ ಪಡಸಾಲೆಯಲ್ಲಿ ಇಬ್ಬರೂ ನಿಂತೇ ಜಗಳವಾಡಿದೆವು.

“ಅಕಿ ಮದ್ದೂರಾಕಿ. ನಿನ್ನ ಕಡ್ಯಾಕಿ.”

“ಅಕಿ ಮಾವ ನಿಮ್ಮ ಗದ್ವಾಲಾಗ ಅದಾನ. ದಸರಾಕ್ಕ ಯಾರು ಕರ್ಕೊಂಡು ಹೋಗಿದ್ರು?”

“ಸಂಕ್ರಾಂತಿಗೆ ಯಾರು ಹೋಗಿದ್ರು?”

ಅತ್ತಿಗೆ ಒಳಗಿನಿಂದ ಬಂದು ಇಬ್ಬರನ್ನೂ ನೋಡಿ ಮರಳಿ ಹೋದಳು. ಅಷ್ಟರಲ್ಲಿ ನನ್ನ ಫೋನು. ಕುರುಮಮ್ಮ. ಈರುಳ್ಳಿ ಲಾರಿಯೊಂದು ಸೊಲ್ಲಾಪುರದ ಈಚೆಯವರೆಗೆ ತಂದು ಬಿಟ್ಟಿತಂತೆ, ಈಗ ನಡೆಯುತ್ತಿದ್ದಾರಂತೆ. ನಾನು ಫೋನನ್ನು ಶೈಲಜಾಳತ್ತ ಚಾಚಿದೆ. ಅವಳು ಹಿಂದೆ ಸರಿದಳು. ಕೊನೆಗೆ ನಾನೇ “ಇನ್ನೂ ಇಲ್ಲವ್ವ” ಎಂದೆ. ಫೋನಿನಲ್ಲಿ ರಸ್ತೆಯ ಮೇಲೆ ಚಪ್ಪಲಿ ಎಳೆಯುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

ಇಬ್ಬರೂ ಜೀಪಿನಲ್ಲಿ ನಾರಾಯಣಪೇಟೆ ಬಸ್‌ಸ್ಟ್ಯಾಂಡು, ಆಸ್ಪತ್ರೆ, ಮದ್ದೂರು ರಸ್ತೆ ಎಲ್ಲ ನೋಡಿಬಂದೆವು. ಇಂಥ ಹುಡುಗಿಯೊಬ್ಬಳು ರಸ್ತೆಯಲ್ಲಿ ಒಂಟಿಯಾಗಿದ್ದರೆ ಏನೇನಾಗಬಹುದು ಎಂದು ಇಬ್ಬರೂ ಯೋಚಿಸುತ್ತಿದ್ದೆವು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

೨೯ ಮಾರ್ಚ್

ಸಿಗಲಿಲ್ಲ.

೩೦ ಮಾರ್ಚ್, ಸೋಮವಾರ. ಮಕ್ತಲ್

ಶೈಲಜಾ ಹಾಸ್ಟೆಲಿನ ಒಬ್ಬೊಬ್ಬ ಹುಡುಗಿಯ ಮನೆಗೂ ಫೋನ್ ಮಾಡಿದಳು. ನನಗೆ ಅವರ ಮನೆಯವರ ಹೆಸರೇ ಗೊತ್ತಿಲ್ಲ. ಅವಳು ‘ಸುರೇಂದರಣ್ಣ, ಕಾಲು ಹ್ಯಾಂಗೈತಿ’ ಎಂದು ಶುರುಮಾಡಿ ವಿಷಯಕ್ಕೆ ಬರುತ್ತಾಳೆ. ಹಾಗೆ ಸುರೇಂದರನ ಮಗಳು, ಈಶ್ವರಿಯ ಆಟದ ಜೋಡಿ, ಅಳುತ್ತ ಹೇಳಿದಳು. “ಅವ್ವನ ಕಡಿ ಹೋಗ್ತೀನಿ, ಕೃಷ್ಣಾ ಟೇಷನ್ನಿಗೆ ಪುಣೆ ರೈಲು ಬರ್ತೈತಿ ಅಂದ್ಳು. ಯಾರಿಗೂ ಹೇಳಬ್ಯಾಡ ಅಂದ್ಳು.”

ಕೃಷ್ಣಾ ಸ್ಟೇಷನ್ನಿನಲ್ಲಿ ಬಾಗಿಲು ಹಾಕಿತ್ತು. ಕಾವಲಿನವನಿಗೆ ನೆನಪಿತ್ತು. ಕರ್ಫ್ಯೂವಿನ ಹಿಂದಿನ ಶನಿವಾರ ಸಂಜೆ ಬಂದವರಿಗೆಲ್ಲ ರಾಯಚೂರಿನಲ್ಲಿ ರೈಲು ಸಿಕ್ಕರೆ ಸಿಕ್ಕೀತು ಎಂದು ಯಾರೋ ಹೇಳಿ ಟಂಟಂ ಆಟೋದಲ್ಲಿ ತುಂಬಿಕೊಂಡು ಹೋದರಂತೆ. ಮರುದಿನದಿಂದ ರೈಲೇ ಇಲ್ಲ.

ಹೊಳೆಯ ಸೇತುವೆಗೆ ಬಂದೆವು. ನಡುವೆ ಡ್ರಮ್ಮು, ಮುಳ್ಳುಕಂಟಿ, ಆಚೆ ಕರ್ನಾಟಕದ ಪೊಲೀಸರು, ಈಚೆ ನಮ್ಮ ತೆಲಂಗಾಣದವರು. ರಾಯಚೂರು ನಮ್ಮಜ್ಜಿಯ ತವರು. ಹಲ್ಲು ನೋವಿಗೂ ಅದೇ ಊರು, ಸೀರೆಗೂ ಅದೇ, ಸಿನಿಮಾಕ್ಕೂ ಅದೇ. ಈ ಸೇತುವೆ ದಾಟುವಾಗ ಯಾರೂ ನನ್ನನ್ನು ಯಾವ ರಾಜ್ಯದವಳು ಎಂದು ಕೇಳಿದ್ದಿಲ್ಲ. ಇವತ್ತು ಲಾಠಿ ಅಡ್ಡ ಹಿಡಿದು ಕೇಳಿದರು.

“ನಾನು ದೇಶಕ್ಕ ಆಡಿದಾಕಿ,” ಎಂದುಬಿಟ್ಟೆ. ಥೂ.

“ಆಡಿರಬಹುದ್ರಿ ಮೇಡಂ. ಆದ್ರ ದಾಟಂಗಿಲ್ಲ,” ಎಂದ ಪೊಲೀಸಿನವನು. ತಪ್ಪೇನಿಲ್ಲ ಅವನದು.

ಶೈಲಜಾ ಅವನ ಪಕ್ಕಕ್ಕೆ ಹೋಗಿ ಮೆಲ್ಲಗೆ ಏನೋ ಕೇಳಿದಳು. ಹಿಂದಿರುಗಿ ಓಡುತ್ತಲೇ ಬಂದಳು. ರೈಲು ಸಿಗದೆ ಮರಳಿ ಬರುವಾಗ ಸೇತುವೆಯ ಹತ್ತಿರ ತಡೆದ ಜನರನ್ನು ಆಚೆ ದೇವಸೂಗೂರಿನ ಒಂದು ಶಾಲೆಯಲ್ಲಿ ಇಟ್ಟಿದ್ದಾರೆ, ಅದರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ ಎಂದಳು. ಅತ್ತಿಗೆಯ ತಮ್ಮ ಶರಣಬಸವ ರಾಯಚೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ, ಅವನಿಗೆ ಓಡಾಡಲು ಪಾಸಿದೆ. ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಹೋಗಿ ನೋಡುತ್ತಾನಂತೆ.

ಸೇತುವೆಯ ಮೇಲಿಂದ ಆಚೆ ದಡದ ಮನೆಗಳು ಕಾಣುತ್ತಿದ್ದವು. ಕೂಗಿದರೆ ಕೇಳಿಸುವಷ್ಟು ಹತ್ತಿರ ಅನ್ನಿಸಿತು. ಶೈಲಜಾ ಕೂಗಿಯೇ ಬಿಟ್ಟಳು, “ಈಶ್ವರೀ...” ಎಂದು. ಪೊಲೀಸರು ನಕ್ಕರು. ನನಗೆ ಅಳು ಬಂತು.

೩೧ ಮಾರ್ಚ್, ಮಂಗಳವಾರ. ಮಕ್ತಲ್

ಸಿಕ್ಕಿದಳು, ಸಿಕ್ಕಿದಳು.

ಶರಣಬಸವ ಫೋಟೋ ಕಳಿಸಿದ. ಶಾಲೆಯ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ, ಎಡಗೈಯಲ್ಲಿ ಸ್ಟೀಲ್ ಲೋಟ. ಮುಖ ಇಳಿದುಹೋಗಿದೆ, ಆದರೆ ಅವಳೇ. ಮೊದಲು ಕುರುಮಮ್ಮನಿಗೆ ಫೋನ್ ಮಾಡಿದೆ. ಕಲಬುರಗಿ ದಾಟಿದ್ದರು. “ಸಿಕ್ಕಳವ್ವ” ಎಂದೆ. ಆಚೆ ಕಡೆ ಅವಳು ರಸ್ತೆಯಲ್ಲೇ ಕೂತುಬಿಟ್ಟಳಂತೆ, ಚಿನ್ನಯ್ಯ ಹೇಳಿದ.

ಎರಡೂ ಕಡೆಯ ಪೊಲೀಸ್ ಸಾಹೇಬರು ಮಾತಾಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಒಪ್ಪಿದರು. ಸೇತುವೆಯ ಅರ್ಧದವರೆಗೆ ಅವರು ತಂದರು, ಉಳಿದರ್ಧ ಅವಳೇ ನಡೆದು ಬಂದಳು. ನಾವಿಬ್ಬರೂ ಕೈ ಚಾಚಿ ನಿಂತಿದ್ದೆವು. ಅವಳು ಯಾರ ಹತ್ತಿರವೂ ಬರಲಿಲ್ಲ. ಸೀದಾ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು.

ದಾರಿಯಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ, “ಒಂದು ಫೋನ್ ಮಾಡಾಕ ಆಗಲಿಲ್ಲೇನು? ಅಲ್ಲಿ ಯಾರಾದರೂ ಕೊಡ್ತಿದ್ರಲ್ಲ?”

“ಮಾಡಿದ್ನಿರಿ.”

“ಯಾರಿಗೆ?”

“ಹಾಸ್ಟೆಲ್ಲಿಗೆ. ಆಪೀಸಿನಾಗಿನ ಫೋನಿಗೆ. ಅದೊಂದ ನಂಬರ್ ಬಾಯಿಪಾಠ ಐತ್ರಿ ನನಗ. ಅವ್ವನ ನಂಬರ್ ಸಲ ಸಲ ಬ್ಯಾರೆ ಆಗ್ತೈತಿ. ದಿನಾ ಮಾಡಿದ್ನಿ. ಗಂಟಿ ಹೊಡೀತಿತ್ತು, ಯಾರೂ ಎತ್ತಲಿಲ್ಲ.”

ಬೀಗ ಹಾಕಿದ ಕೋಣೆಯಲ್ಲಿ ಆ ಫೋನು ಬಡಕೊಳ್ಳುತ್ತಲೇ ಇತ್ತು. ಹಾಸ್ಟೆಲಿನಿಂದ ಅಣ್ಣನ ಮನೆ ಎಷ್ಟು ದೂರ? ಇಷ್ಟು ದಿನ ನಾನು ಒಮ್ಮೆಯೂ ಆ ಕಡೆ ಹೋಗಿ ನೋಡಲಿಲ್ಲ.

೩ ಏಪ್ರಿಲ್, ಶುಕ್ರವಾರ. ಮಕ್ತಲ್

ಶೈಲಜಾ ಗದ್ವಾಲಿಗೆ ಹೋಗಿಲ್ಲ. ಮೂವರೂ ಅಣ್ಣನ ಮನೆಯ ಮಹಡಿಯಲ್ಲಿದ್ದೇವೆ. ಈಶ್ವರಿಗೆ ಮೊಸರಿನ ಹುಳಿ ಆಗದು, ಅನ್ನ ಕಲಸುವಾಗ ಮೊದಲ ತುತ್ತು ತಟ್ಟೆಯ ಅಂಚಿಗಿಡುತ್ತಾಳೆ, ಮಲಗಿದಾಗ ಮುಖದ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ನಮ್ಮಲ್ಲಿದ್ದು ವರ್ಷವಾಯಿತು, ಇದೆಲ್ಲ ಈಗ ನೋಡುತ್ತಿದ್ದೇನೆ.

ಟೀವಿಯವರು ಮತ್ತೆ ಫೋನ್ ಮಾಡಿದ್ದರು, ಎತ್ತಲಿಲ್ಲ. ಅನ್ನಕ್ಕಿಟ್ಟಿದ್ದೆ.

೭ ಏಪ್ರಿಲ್, ಮಂಗಳವಾರ. ಮಕ್ತಲ್

ಕುರುಮಮ್ಮ, ಚಿನ್ನಯ್ಯ ನಿನ್ನೆ ಊರು ಮುಟ್ಟಿದರು. ಊರಿನವರು ಒಳಗೆ ಬಿಟ್ಟಿಲ್ಲ. ಪೆದ್ದಯ್ಯ ಎಂಬ ಮುದುಕನ ಹೊಲದಲ್ಲಿ ಬೇವಿನ ಮರದ ಕೆಳಗೆ ಸೀರೆ ಕಟ್ಟಿಕೊಂಡು ಇದ್ದಾರೆ. ಕೈ ಮೇಲೆ ಕ್ವಾರಂಟೈನಿನ ಠಸ್ಸೆ ಹಾಕಿದ್ದಾರೆ. ಇವತ್ತು ಈಶ್ವರಿಯನ್ನು ಅಲ್ಲಿಗೆ ಕರೆದೊಯ್ದೆವು.

ದೂರದಲ್ಲೇ ನಿಲ್ಲಬೇಕು ಎಂದು ಶೈಲಜಾ ಹೇಳಿ ಮುಗಿಸುವ ಮೊದಲೇ ಹುಡುಗಿ ಓಡಿದಳು. ಕುರುಮಮ್ಮ ಅವಳ ತಲೆ, ಕೈ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ನಾವು ಬದುವಿನ ಮೇಲೆ ನಿಂತಿದ್ದೆವು. ಕುರುಮಮ್ಮನ ಕಾಲಿಗೆ ಅರಿವೆ ಸುತ್ತಿತ್ತು.

ತಂದಿದ್ದ ಅಕ್ಕಿ, ಎಣ್ಣೆ ಇಳಿಸಿದೆವು. ಬೇಡ ಎನ್ನಲಿಲ್ಲ. ಶೈಲಜಾ ಕೈ ಮುಗಿದಳು. ನಾನೂ ಮುಗಿದೆ. ಬರುವಾಗ ಏನೇನೋ ಹೇಳಬೇಕೆಂದುಕೊಂಡಿದ್ದೆ. “ತಪ್ಪಾತವ್ವ. ಜೂನಿಗೆ ಹಾಸ್ಟೆಲ್ ತಗೀತೀವಿ, ಮತ್ತ ಕಳಸ್ರಿ. ಅಕಿ ಕೈಯಾಗ ಆಟ ಐತಿ,” ಎಂದಷ್ಟೇ ಅಂದೆ.

ಕುರುಮಮ್ಮ ನಮ್ಮಿಬ್ಬರನ್ನೂ ನೋಡಿದಳು.

“ಕಳಸ್ತೀನ್ರಿ. ಆದ್ರ ಒಂದು ಹೆಸರು ಹೇಳ್ರಿ. ನಿಮ್ಮಿಬ್ಬರಾಗ ಯಾರ ಕಡಿ ಬಿಡ್ಲಿ ನನ ಬಿಡ್ಡನ್ನ? ಇಬ್ಬರೂ ಅನ್ನಬ್ಯಾಡ್ರಿ. ಹ್ವಾದ ಸಲ ಇಬ್ಬರ ಕಡೀನೂ ಬಿಟ್ಟಿದ್ನಿ.”

ನನ್ನೊಳಗೆ ಏನು ಓಡಿತೆಂದರೆ, ಈ ಕೆಲಸಕ್ಕೆ ಯೋಗ್ಯಳು ಶೈಲಜಾನೇ. ಮಕ್ಕಳ ಮನೆ ಮನೆ ಅವಳಿಗೆ ಗೊತ್ತು, ಹುಡುಕಿಸಿದ್ದೂ ಅವಳೇ. ಇಷ್ಟು ವರ್ಷ ಎಲ್ಲ ನನ್ನದೇ ಎಂದು ಮುಂದೆ ನಿಂತದ್ದು ಸಾಕು. ಮನಸಾರೆ ಹೇಳಿದೆ, “ಶೈಲಜಾ ಕಡಿ.”

ಅದೇ ಉಸಿರಿನಲ್ಲಿ ಶೈಲಜಾ ಹೇಳಿದಳು, “ಶಿವಗಂಗಾ ಕಡಿ.”

ಚಿನ್ನಯ್ಯ ತಲೆ ತಗ್ಗಿಸಿದ. ಕುರುಮಮ್ಮನಿಗೆ ಸಿಟ್ಟೂ ಬರಲಿಲ್ಲ.

“ನೋಡಿದ್ರ್ಯಾ?” ಎಂದಳು ಅಷ್ಟೇ.

ನಾನು ಗಡಬಡಿಸಿ, “ನನ್ನ ಕಡಿ, ನನ್ನ ಕಡಿ ಬಿಡವ್ವ,” ಎಂದೆ. ಶೈಲಜಾ ಕೂಡ ಏನೋ ಹೇಳಲು ಹೋದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಆಗ ಈಶ್ವರಿ ಅವ್ವನ ಬೆನ್ನ ಹಿಂದಿನಿಂದ ಕೇಳಿದಳು.

“ಅಲ್ಲಿಗೆ ಫೋನ್ ಮಾಡಿದ್ರ ಯಾರು ಎತ್ತತಾರ್ರಿ ಮೇಡಂ?”

ಅವಳು ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದಳು. ಹುಡುಗಿಯನ್ನು ಅಲ್ಲೇ ಬಿಟ್ಟು ಬಂದೆವು.

೮ ಏಪ್ರಿಲ್, ಬುಧವಾರ. ಹಾಸ್ಟೆಲ್

ಬೀಗ ತೆಗೆದು ಆಪೀಸು ಕೋಣೆಯಲ್ಲಿ ಮಂಚ ಹಾಕಿಸಿದೆ. ಅಣ್ಣ ತಲೆ ಕೆಟ್ಟಿದೆಯೇ ಎಂದ. “ಮಕ್ಕಳೇ ಇಲ್ಲ, ಖಾಲಿ ಕಟ್ಟಡಕ್ಕ ಕಾವಲು ಕುಂದ್ರತಿ?” ಎಂದ. ಶೈಲಜಾ ಮಾತ್ರ ಏನೂ ಅನ್ನದೆ ಒಂದು ಚಾಪೆ, ಸ್ಟೋವು, ಒಂದಿಷ್ಟು ಬೇಳೆ ಕೊಟ್ಟು ಗದ್ವಾಲಿಗೆ ಹೋದಳು. ಆ ಕಡೆಯ ಹುಡುಗಿಯರ ಮನೆಗಳಿಗೆ ಅವಳು ರೇಷನ್ ಮುಟ್ಟಿಸಬೇಕು. ಯಾರು ಎಲ್ಲಿ ಎಂದು ಈ ಸಲ ಬಾಯಿಬಿಟ್ಟು ಮಾತಾಡಿಕೊಂಡೆವು.

ಕುರುಮಮ್ಮನಿಗೆ ಫೋನ್ ಮಾಡಿ ಇಲ್ಲಿಗೆ ಬಂದಿದ್ದೇನೆ ಎಂದೆ. “ಇರ್ರಿ. ಜೂನ್ ತನಕ ನೋಡಾಣು,” ಎಂದಳು.

೧೨ ಏಪ್ರಿಲ್, ಭಾನುವಾರ. ಹಾಸ್ಟೆಲ್

ಬೆಳಿಗ್ಗೆ ಕೋರ್ಟಿನ ಕಸ ತೆಗೆದೆ. ಭುಜ ನೋಯುತ್ತಿದೆ. ಬೇಳೆ ಸೀದು ಹೋಯಿತು. ಮೊಬೈಲಿನಿಂದ ಆಪೀಸಿನ ಫೋನಿಗೆ ನಾನೇ ಮಾಡಿ ನೋಡಿದೆ, ಚೆನ್ನಾಗಿಯೇ ಬಡಿಯುತ್ತದೆ. ಆದರೆ ಬೇರೆ ಯಾರೂ ಮಾಡಿರಲಿಲ್ಲ. ನೀರು ತರಲು ಹೋದರೂ ಕಿವಿ ಇಲ್ಲೇ ಇರುತ್ತದೆ. ಸ್ನಾನಕ್ಕೆ ಬಾಗಿಲು ತೆರೆದಿಟ್ಟೇ ಹೋಗುತ್ತೇನೆ, ಯಾರಾದರೂ ಕಂಡರೆ ನಕ್ಕಾರು.

ಸಂಜೆ ರಿಂಗಾಯಿತು. ಓಡಿ ಎತ್ತಿದೆ.

“ಯಾರ್ರಿ?” ಕುರುಮಮ್ಮನ ದನಿ.

“ನಾನವ್ವ. ಶಿವಗಂಗಾ.”

“ಹ್ಞೂಂ,” ಎಂದು ಇಟ್ಟುಬಿಟ್ಟಳು.

ಕುರ್ಚಿ ಎಳೆದುಕೊಂಡು ಫೋನಿನ ಮುಂದೆಯೇ ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ರಿಂಗಾಯಿತು. ಈ ಸಲ ಉಸಿರಾಡುವುದಷ್ಟೇ ಕೇಳುತ್ತಿತ್ತು.

“ಈಶ್ವರಿ? ಇಲ್ಲೇ ಅದೀನಿ, ಹೇಳು.”

“ಏನಿಲ್ರಿ ಮೇಡಂ,” ಎಂದಳು. “ಸುಮ್ನ ಮಾಡಿದ್ನಿ.”